ಬೋಟಿನಲ್ಲಿ ಹೇಳಿದ ಒಂದು ಮಾತಿಗೆ ಹೊಣೆ ಯಾರು?

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದರೆ ಸಾಕು, ಶನಿವಾರ ನಸುಕಿನಲ್ಲಿ ಹುಬ್ಬಳ್ಳಿ–ಧಾರವಾಡದ ಹುಡುಗರು ಕಾರು ಹತ್ತಿ ಮುರ್ಡೇಶ್ವರಕ್ಕೆ ಹೊರಡುತ್ತಾರೆ. ಅಲ್ಲಿಂದ ಬೋಟಿನಲ್ಲಿ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪ, ಅಲ್ಲಿ ಸ್ಕೂಬಾ ಡೈವಿಂಗ್. ನಾನೂ ಆರು ವರ್ಷದಿಂದ ಹೋಗುತ್ತಿದ್ದೇನೆ. ತರಬೇತಿ ಪಡೆದು ಕಾರ್ಡ್ ತೆಗೆದುಕೊಂಡಿದ್ದೇನೆ, ಆದರೆ ಇನ್‌ಸ್ಟ್ರಕ್ಟರ್ ಅಲ್ಲ. ಕಳೆದ ಡಿಸೆಂಬರ್‌ನಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲಿಕ್ಕೆ ಈ ಪತ್ರ.

ಅವತ್ತು ವಾಪಸ್ ಬರುವಾಗ ಬೋಟಿನಲ್ಲಿ ನನ್ನ ಪಕ್ಕ ಧಾರವಾಡದ ಹುಡುಗನೊಬ್ಬ ಕೂತಿದ್ದ. ವೆಟ್‌ಸೂಟ್ ಸೊಂಟದವರೆಗೆ ಇಳಿಸಿಕೊಂಡು ಬಾಳೆಹಣ್ಣು ಸುಲಿಯುತ್ತಿದ್ದ. ಇನ್‌ಸ್ಟ್ರಕ್ಟರ್ ಆ ತುದಿಯಲ್ಲಿ ಸಿಲಿಂಡರ್ ಕಟ್ಟುತ್ತಿದ್ದರು. ಅವರು ಬೆಳಿಗ್ಗೆ ಎಲ್ಲವನ್ನೂ ಇಂಗ್ಲಿಷ್, ಹಿಂದಿಯಲ್ಲಿ ಹೇಳಿದ್ದರು. ನಾನು ನಮ್ಮ ಕಡೆ ಮಾತಾಡುವವನು, ಹಾಗಾಗಿ ಹುಡುಗ ನನ್ನನ್ನೇ ಕೇಳಿದ: "ಅಣ್ಣಾರ, ಎರಡು ಡೈವ್ ಆಗ್ಯಾವ. ಈಗ ಹೊಂಟ್ರ ರಾತ್ರಿ ಊಟಕ್ಕ ಮನಿ ಮುಟ್ಟಬಹುದಲ್ರೀ? ಏನ್ ತೊಂದ್ರಿ ಇಲ್ಲಲ್ಲ?"

"ಏನೂ ಆಗಂಗಿಲ್ಲ ತಗೋ. ನಾನೂ ಹಂಗ ಹೋಗೂದು" ಅಂದೆ.

ಅವನು ಅರಬೈಲ್ ಘಟ್ಟ ಹತ್ತಿ ಮನೆ ಸೇರಿದ. ಮಧ್ಯರಾತ್ರಿ ಭುಜ, ಮೊಣಕೈ ನೋಯತೊಡಗಿದವು, ಬೆರಳು ಜುಮ್ ಅನ್ನತೊಡಗಿದವು. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟು ಎರಡು ದಿನ ಇಟ್ಟುಕೊಂಡರು. ಬೆಂಡ್ಸ್, ಅಂದರೆ ಡೈವ್ ಆದ ಮೇಲೆ ಮೈಯೊಳಗೆ ಗಾಳಿಗುಳ್ಳೆ ಏಳುವ ತೊಂದರೆ, ಇರಬಹುದು ಎಂದರು ಡಾಕ್ಟರು. ಪುಣ್ಯಕ್ಕೆ ಪೂರ್ತಿ ಗುಣವಾದ. ಮೂರನೇ ದಿನ ಅವನ ಅಣ್ಣನ ಫೋನ್ ಬಂತು: "ನಿಮ್ಮ ಮಾತ ಕೇಳಿ ಹೊಂಟು ಬಂದಾನಂತ. ಹೇಳಾಕ ನೀವ್ಯಾರ್ರೀ?" ಕೇಸ್ ಅವರು ಹಾಕಲಿಲ್ಲ. ಆದರೆ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ದಡದಲ್ಲಿ ಇರುವುದರ ಎರಡು ಪಟ್ಟಾಗುತ್ತದೆ. ಉಸಿರಾಡುವ ಗಾಳಿಯಲ್ಲಿನ ಸಾರಜನಕ ರಕ್ತ, ಮಾಂಸದಲ್ಲಿ ಜಾಸ್ತಿ ಕರಗುತ್ತದೆ. ಅದು ನಿಧಾನಕ್ಕೆ ಹೊರಗೆ ಬರಬೇಕು. ಅಷ್ಟರಲ್ಲೇ ಎತ್ತರಕ್ಕೆ ಹೋದರೆ ಅಲ್ಲಿ ಗಾಳಿಯ ಒತ್ತಡ ಕಡಿಮೆ, ಸೋಡಾ ಬಾಟಲಿ ಬಿಚ್ಚಿದಾಗ ಏಳುವಂತೆ ಮೈಯೊಳಗೆ ಗುಳ್ಳೆ ಏಳಬಹುದು. ಒಂದು ಡೈವ್ ಆದರೆ 12 ತಾಸು, ಹೆಚ್ಚು ಆದರೆ 18 ತಾಸು ವಿಮಾನ ಹತ್ತಬೇಡಿ ಎನ್ನುತ್ತದೆ ಡೈವರ್‌ಗಳ ಸುರಕ್ಷತೆಗಾಗಿ ಇರುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್. ಆ ಲೆಕ್ಕ ಶುರುವಾಗುವುದು 2,000 ಅಡಿ ಎತ್ತರದಿಂದ, ಅಂದರೆ ಸುಮಾರು 610 ಮೀಟರ್‌ನಿಂದ. ಹುಬ್ಬಳ್ಳಿ ಇರುವುದು ಸುಮಾರು 670 ಮೀಟರ್ ಎತ್ತರದಲ್ಲಿ, ಧಾರವಾಡ ಇನ್ನೂ ಮೇಲೆ. ವಿಮಾನ ಹತ್ತಬಾರದು ಅನ್ನೋದು ನಮಗೆಲ್ಲ ಬಾಯಿಪಾಠ. ನಮ್ಮ ಮನೆಯೇ ಆ ಎತ್ತರದಲ್ಲಿದೆ ಅನ್ನೋದು ನನಗೆ ಹೊಳೆದಿರಲೇ ಇಲ್ಲ. ನನಗೆ ಇಷ್ಟು ವರ್ಷ ಏನೂ ಆಗಿರಲಿಲ್ಲ, ಅಷ್ಟೇ.

ಧಾರವಾಡದ ಇಬ್ಬರು ವಕೀಲರ ಹತ್ತಿರ ಕೂತು ಕೇಳಿದೆ. ದುಡ್ಡು ತಗೊಳ್ಳದೆ ಹೇಳಿದ ಸಲಹೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬರುವುದಿಲ್ಲ ಎಂದರು. ಆದರೆ ಪರಿಹಾರ ಕೇಳಿ ಸಿವಿಲ್ ದಾವೆ ಹಾಕುವ ದಾರಿ ಮುಚ್ಚಿಲ್ಲ. ಒಬ್ಬರು 1963ರ ಇಂಗ್ಲೆಂಡಿನ ಹೆಡ್ಲಿ ಬರ್ನ್ ತೀರ್ಪಿನ ಬಗ್ಗೆ ಹೇಳಿದರು. ಒಂದು ಬ್ಯಾಂಕ್ ಪುಕ್ಕಟೆಯಾಗಿ ಕೊಟ್ಟ ಅಭಿಪ್ರಾಯ ನಂಬಿ ಒಂದು ಕಂಪನಿ ನಷ್ಟ ಮಾಡಿಕೊಂಡಿತ್ತು. ವಿಷಯ ಬಲ್ಲವನು, ಎದುರಿನವನು ತನ್ನ ಮಾತು ನಂಬಿ ನಡೆಯುತ್ತಾನೆಂದು ಗೊತ್ತಿದ್ದೂ ಅಜಾಗರೂಕತೆಯಿಂದ ಹೇಳಿದರೆ ಹೊಣೆಯಾಗಬಹುದು ಎಂದಿತು ನ್ಯಾಯಾಲಯ. ಜವಾಬ್ದಾರಿ ನಮ್ಮದಲ್ಲ ಎಂದು ಮೊದಲೇ ಹೇಳಿದ್ದರಿಂದ ಆ ಬ್ಯಾಂಕ್ ಉಳಿದುಕೊಂಡಿತು. ಸುಮ್ನೆ ಹರಟುವಾಗ ಆಡಿದ ಮಾತಿಗೆ ಇದು ಅಷ್ಟು ಸುಲಭವಾಗಿ ಅನ್ವಯಿಸುವುದಿಲ್ಲವಂತೆ.

ಕ್ರಿಮಿನಲ್ ಕೇಸ್ ಆಗಬೇಕಾದರೆ ನಿರ್ಲಕ್ಷ್ಯ ತೀರಾ ದೊಡ್ಡದಿರಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ವೈದ್ಯರೊಬ್ಬರ ಪ್ರಕರಣದಲ್ಲಿ ಹೇಳಿದೆ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ಐದು ವರ್ಷದವರೆಗೆ ಶಿಕ್ಷೆ ಇದೆ. ಅದೇ ಸಂಹಿತೆಯ 31ನೇ ಕಲಂ, ಒಬ್ಬರ ಒಳ್ಳೆಯದಕ್ಕೆಂದು ಸದ್ಭಾವನೆಯಿಂದ ತಿಳಿಸಿದ ಮಾತು ಅಪರಾಧವಲ್ಲ ಎನ್ನುತ್ತದೆ. ಕೇಳಿ ಜೀವ ಬಂದಂತಾಯಿತು. ಆಗ ಹಿರಿಯ ವಕೀಲರು ಇನ್ನೊಂದು ಸಾಲು ಓದಿಸಿದರು: ತಕ್ಕ ಎಚ್ಚರಿಕೆ, ಗಮನ ಇಲ್ಲದೆ ಮಾಡಿದ್ದು ಸದ್ಭಾವನೆಯೇ ಅಲ್ಲ. ಒಳ್ಳೆಯ ಮನಸ್ಸಿದ್ದರೆ ಸಾಕಾಗುವುದಿಲ್ಲ ಎಂದಾಯಿತು, ಅಲ್ವಾ? ನನ್ನ ಮಾತಿನಲ್ಲಿ ಎಚ್ಚರಿಕೆ ಎಲ್ಲಿತ್ತು?

ಈ ಸುದ್ದಿ ತಿಳಿದ ಮೇಲೆ ನಮ್ಮ ಗುಂಪಿನ ಹಳಬರು ಬಾಯಿ ಮುಚ್ಚಿಕೊಂಡಿದ್ದಾರೆ. ಯಾರು ಏನು ಕೇಳಿದರೂ "ಗೊತ್ತಿಲ್ರಿ" ಅನ್ನುತ್ತಾರೆ. ಇದು ನನಗೆ ಸರಿ ಕಾಣುತ್ತಿಲ್ಲ. ಜನವರಿಯಲ್ಲಿ ಒಬ್ಬಳು ಹುಡುಗಿ ನೆಗಡಿಗೆ ಗುಳಿಗೆ ನುಂಗಿ ನೀರಿಗಿಳಿಯಲು ತಯಾರಾಗಿದ್ದಳು. ಕೆಳಗಿರುವಾಗ ಗುಳಿಗೆಯ ಪ್ರಭಾವ ಇಳಿದರೆ, ಮೇಲೆ ಬರುವಾಗ ಕಿವಿಯಲ್ಲಿ, ಮೂಗಿನ ಗೂಡುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಅಲ್ಲಿದ್ದ ಮೂವರಿಗೂ ಇದು ಗೊತ್ತಿತ್ತು, ಯಾರೂ ಮಾತಾಡಲಿಲ್ಲ. ಕೊನೆಗೆ ನಾನೇ "ತಂಗಿ, ಇಳಿಯೂಕಿಂತ ಮೊದಲ ಗುಳಿಗಿ ವಿಷಯ ಇನ್‌ಸ್ಟ್ರಕ್ಟರ್‌ಗೆ ಹೇಳವಾ" ಅಂದೆ. ಅವರು ಅವಳನ್ನು ಇಳಿಸಲಿಲ್ಲ.

"ಬೇಡ, ಕೇಳಿ ನೋಡು" ಎಂಬ ಮಾತು ತಪ್ಪಾದರೆ ಒಂದು ಡೈವ್‌ನ ದುಡ್ಡು ಹೋಗುತ್ತದೆ. "ಏನೂ ಆಗಲ್ಲ" ಎಂಬ ಮಾತು ತಪ್ಪಾದರೆ ಜೀವವೇ ಹೋಗಬಹುದು. ನಾವು ಬಿಡಬೇಕಾದದ್ದು ಈ ಎರಡನೆಯ ಮಾತನ್ನು.

ಡೈವಿಂಗ್ ನಡೆಸುವವರಲ್ಲಿ ಒಂದು ವಿನಂತಿ. ಬೆಳಗಿನ ವಿವರಣೆಯನ್ನು ಕನ್ನಡದಲ್ಲೂ ಕೊಡಿ. ಸಹಿ ಮಾಡಿಸುವ ಫಾರ್ಮಿನಲ್ಲಿ ಘಟ್ಟ ಹತ್ತುವ ಮೊದಲು ಎಷ್ಟು ತಾಸು ಕಾಯಬೇಕು ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿ. ಆಗ ಪಕ್ಕದಲ್ಲಿ ಕೂತವನನ್ನು ಕೇಳುವ ಪ್ರಸಂಗವೇ ಜಾಸ್ತಿ ಬರುವುದಿಲ್ಲ. ನಮ್ಮ ನವನಗರದಲ್ಲೇ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ. ಡೈವಿಂಗ್, ಚಾರಣ, ಈಜಿಗೆ ಹೋಗುವವರು ಜೊತೆಯವರಿಗೆ ಏನು ಹೇಳಬಹುದು, ಎಲ್ಲಿ ನಿಲ್ಲಿಸಬೇಕು ಎಂದು ಅಲ್ಲಿನವರು ಒಂದು ಪುಟದ ಕನ್ನಡ ಕರಪತ್ರ ಮಾಡಿಕೊಟ್ಟರೆ ದೊಡ್ಡ ಉಪಕಾರ. ಫಾರ್ಮಿನ ಕನ್ನಡ ಬರೆದುಕೊಡಲು ನಾವು ನಾಲ್ಕು ಜನ ತಯಾರಿದ್ದೇವೆ. ಮುಂದಿನ ಹಂಗಾಮಿಗೆ ಬೋಟು ಇಳಿಯುವುದರೊಳಗೆ ಆಗಬೇಕು.

ಇಂತಿ,
ಒಬ್ಬ ಡೈವರ್
ವಿದ್ಯಾನಗರ, ಹುಬ್ಬಳ್ಳಿ