ಕ್ಲಿನಿಕಲ್ ಎಪಿಡೆಮಿಯಾಲಜಿ ಓದಲು ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಇಷ್ಟು ವರ್ಷ ರೋಗಿಗಳನ್ನು ನೋಡಿದ ಮೇಲೆ ಮತ್ತೆ ಓದಲು ಹೊರಟಿದ್ದೀಯ, ಅದೂ ಕ್ಲಿನಿಕಲ್ ಎಪಿಡೆಮಿಯಾಲಜಿಯಲ್ಲಿ, ಅಂದರೆ ಯಾವ ಚಿಕಿತ್ಸೆ, ಯಾವ ಟೆಸ್ಟ್ ನಿಜಕ್ಕೂ ಉಪಯೋಗ ಅಂತ ರೋಗಿಗಳ ಗುಂಪುಗಳನ್ನು ಹೋಲಿಸಿ ನೋಡುವ ವಿಷಯದಲ್ಲಿ, ಮಾಸ್ಟರ್ಸ್. ನಿನ್ನ ಪತ್ರ ಓದಿ ತುಂಬಾ ಖುಷಿಯಾಯಿತು. ‘ಗಣಿತ ಬಿಟ್ಟು ಎಷ್ಟೋ ಕಾಲವಾಯಿತು, ನನ್ನಿಂದ ಆಗುತ್ತಾ?’ ಅಂತ ಕೇಳಿದ್ದೀಯ. ಖಂಡಿತ ಆಗುತ್ತದೆ. ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ. ಯಾರನ್ನು ಯಾರ ಜೊತೆ ಹೋಲಿಸಬೇಕು ಅನ್ನುವುದನ್ನು ಮಾತ್ರ ನೀನೇ ತೀರ್ಮಾನಿಸಬೇಕು. ಈ ಓದಿನ ಕಷ್ಟವೂ ಅಲ್ಲೇ ಇದೆ, ಸೊಗಸೂ ಅಲ್ಲೇ ಇದೆ.

ಹೃದಯದ ಔಷಧಗಳನ್ನು ರೋಗಿಗಳಲ್ಲಿ ಪರೀಕ್ಷಿಸಿದ ಕಾಸ್ಟ್ (CAST) ಟ್ರಯಲ್ ನೆನಪಿದೆಯಾ? ಹಾರ್ಟ್ ಅಟ್ಯಾಕ್ ಆದವರಲ್ಲಿ ಹೃದಯದ ಬಡಿತ ಆಗಾಗ ತಪ್ಪುತ್ತಿದ್ದರೆ ಸಾವಿನ ಅಪಾಯ ಜಾಸ್ತಿ ಅನ್ನುವುದು ಗೊತ್ತಿತ್ತು. ಆ ತಪ್ಪು ಬಡಿತಗಳನ್ನು ಅಡಗಿಸುವ ಔಷಧಗಳೂ ಇದ್ದವು. ಹಾಗಾದರೆ ಕೊಟ್ಟರೆ ಒಳ್ಳೆಯದೇ ಅಲ್ವಾ? ಎಲ್ಲರಿಗೂ ಹಾಗೇ ಅನ್ನಿಸಿತ್ತು. 1991ರಲ್ಲಿ ಬಂದ ಆ ಟ್ರಯಲ್‌ನ ವರದಿಯಲ್ಲಿ, ಅಂಥ ಔಷಧಗಳಾದ ಎನ್ಕೈನೈಡ್ ಅಥವಾ ಫ್ಲೆಕೈನೈಡ್ ತೆಗೆದುಕೊಂಡ 755 ಜನರಲ್ಲಿ 63 ಮಂದಿ ಸತ್ತಿದ್ದರು. ಬರೀ ಪ್ಲಸೀಬೊ, ಅಂದರೆ ಔಷಧವೇ ಇಲ್ಲದ ಹುಸಿ ಮಾತ್ರೆ, ತೆಗೆದುಕೊಂಡ 743 ಜನರಲ್ಲಿ 26. ಇಸಿಜಿ ಸುಧಾರಿಸಿತ್ತು, ರೋಗಿ ಉಳಿಯಲಿಲ್ಲ. ಔಷಧ ಬರೆದುಕೊಡುತ್ತಿದ್ದವರೆಲ್ಲ ಓದಿಕೊಂಡವರು, ರೋಗಿಯ ಒಳಿತನ್ನೇ ಬಯಸಿದವರು. ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸುವವರೆಗೆ ಅವರಿಗೆ ಈ ಹಾನಿ ಕಾಣುವ ದಾರಿಯೇ ಇರಲಿಲ್ಲ. ನನ್ನ ಮಟ್ಟಿಗೆ ಈ ವಿಷಯವನ್ನು ಯಾಕೆ ಓದಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ನಿನ್ನ ವಾರ್ಡಿನಲ್ಲೂ ಇಂಥ ಪ್ರಶ್ನೆಗಳಿವೆ. ಕಾಯಿಲೆ ಜೋರಾದವರಿಗೇ ನಾವು ಜೋರಾದ ಔಷಧ ಕೊಡುತ್ತೇವೆ. ಆಮೇಲೆ ಕೇಸ್ ಶೀಟುಗಳನ್ನು ತೆಗೆದು ನೋಡಿದರೆ, ಆ ಔಷಧ ಪಡೆದವರಲ್ಲೇ ಸಾವು ಹೆಚ್ಚು ಕಾಣಬಹುದು. ಅದು ಔಷಧದಿಂದಲಾ, ಮೊದಲೇ ಇದ್ದ ಕಾಯಿಲೆಯಿಂದಲಾ? ಎರಡನ್ನೂ ಬಿಡಿಸಿ ನೋಡುವುದನ್ನು ಕಲಿಯಲು ನನಗೆ ಬಹಳ ಸಮಯ ಹಿಡಿಯಿತು. ಅಷ್ಟು ಸಮಯ ಕೊಟ್ಟಿದ್ದು ಸಾರ್ಥಕ.

ಟೆಸ್ಟುಗಳ ಮಾತೂ ಹಾಗೆಯೇ. ಸಾವಿರ ಜನರಲ್ಲಿ ಹತ್ತು ಜನಕ್ಕೆ ಕಾಯಿಲೆ ಇದೆ ಅಂದುಕೋ. ಕಾಯಿಲೆ ಇದ್ದವರಲ್ಲೂ ಇಲ್ಲದವರಲ್ಲೂ ಶೇ. 90ರಷ್ಟು ಸರಿಯಾಗಿ ಹೇಳುವ ಟೆಸ್ಟ್ ಮಾಡಿದೆ. ಕಾಯಿಲೆ ಇರುವ 9 ಜನ ಪಾಸಿಟಿವ್ ಬರುತ್ತಾರೆ, ಜೊತೆಗೆ ಇಲ್ಲದ 99 ಜನವೂ! ಹೆದರಿ ಕೂತ 108 ಜನರಲ್ಲಿ ನಿಜವಾಗಿ ಕಾಯಿಲೆ ಇರುವವರು ಒಂಬತ್ತೇ ಮಂದಿ. ಈ ಲೆಕ್ಕ ಒಮ್ಮೆ ಕೈಗೆ ಹತ್ತಿದರೆ ರೋಗಿಯ ಜೊತೆ ನೀನು ಮಾತಾಡುವ ರೀತಿಯೇ ಬದಲಾಗುತ್ತದೆ.

ಬಯೋಸ್ಟ್ಯಾಟಿಸ್ಟಿಕ್ಸ್ (ವೈದ್ಯಕೀಯದ ಅಂಕಿಅಂಶ ಶಾಸ್ತ್ರ), ಸ್ಟಡಿ ಡಿಸೈನ್ (ಅಧ್ಯಯನವನ್ನು ರೂಪಿಸುವುದು), ಮೆಟಾ ಅನಾಲಿಸಿಸ್ (ಹಲವು ಅಧ್ಯಯನಗಳ ಫಲಿತಾಂಶ ಒಟ್ಟು ಸೇರಿಸಿ ನೋಡುವುದು) ಎಲ್ಲ ಕಡೆಯೂ ಕಲಿಸುತ್ತಾರೆ, ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ವಿಶ್ವವಿದ್ಯಾಲಯದ ಹೆಸರಿಗಿಂತ ಗೈಡ್ ಮುಖ್ಯ. ಅವರ ಹತ್ತಿರ ಓದುತ್ತಿರುವವರನ್ನು ಸುಮ್ನೆ ಮಾತಾಡಿಸು. ಬರೆದುಕೊಟ್ಟಿದ್ದನ್ನು ಗೈಡ್ ಓದುತ್ತಾರಾ, ಥೀಸಿಸ್‌ಗೆ ಬೇಕಾದ ಡೇಟಾ ನಿಜಕ್ಕೂ ಸಿಗುತ್ತದಾ, ಕೇಳು. ಆಗುವುದಾದರೆ ವಾರಕ್ಕೊಮ್ಮೆಯಾದರೂ ಒಪಿಡಿಗೆ ಹೋಗು. ರೋಗಿಗಳಿಂದ ದೂರವಾದರೆ ಪ್ರಶ್ನೆಗಳೂ ದೂರವಾಗುತ್ತವೆ.

ವಯಸ್ಸಾಯಿತು ಅಂತ ಬೇರೆ ಬರೆದಿದ್ದೀಯ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೇ ಒಂದು ವಿಭಾಗ ಕಟ್ಟಿದ ಡೇವಿಡ್ ಸ್ಯಾಕೆಟ್, ದೊಡ್ಡ ಪ್ರೊಫೆಸರ್ ಆದ ಮೇಲೆ, ಐವತ್ತರ ಹತ್ತಿರದಲ್ಲಿ, ತನ್ನ ವೈದ್ಯಕೀಯ ಜ್ಞಾನ ಹಳತಾಯಿತು ಅನ್ನಿಸಿ ಮತ್ತೆ ರೆಸಿಡೆಂಟ್ (ತರಬೇತಿಯಲ್ಲಿರುವ ವೈದ್ಯ) ಆಗಿ ವಾರ್ಡಿಗೆ ಮರಳಿದ್ದರು. ನಿನಗಿನ್ನೂ ಅಷ್ಟಾಗಿಲ್ಲ.

ಅರ್ಜಿ ಹಾಕುವ ಮೊದಲು ನಿನ್ನನ್ನು ಕಾಡುವ ಒಂದೇ ಒಂದು ಪ್ರಶ್ನೆ ಬರೆದು ಕಳಿಸು. ಯಾವ ರೋಗಿಗಳು, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸುತ್ತೀಯ, ಕೊನೆಗೆ ಏನನ್ನು ಅಳೆಯುತ್ತೀಯ. ಒಂದು ಪುಟ ಸಾಕು. ಓದಿ, ಗೀಚಿ, ವಾಪಸ್ ಕಳಿಸುತ್ತೇನೆ.

ನಿನ್ನ ಗೆಳೆಯ