ದಾನಪತ್ರಕ್ಕೆ ಒಂದು ಸಾಲು ಸೇರಿಸಿ: ಕಂದಾಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ,

ನಮಸ್ಕಾರಗಳು. ಮಕ್ಕಳು ಕೈಬಿಟ್ಟ ಹಿರಿಯರಿಗೆ ಅರ್ಜಿ ಬರೆದುಕೊಡುವುದು, ಅವರೊಂದಿಗೆ ಉಪವಿಭಾಗಾಧಿಕಾರಿಗಳ ಕಚೇರಿಗೆ ಅಲೆಯುವುದು ನನ್ನ ಕೆಲಸ. ಈ ಕೆಲಸಕ್ಕೆ ಬಂದ ಹೊಸತರಲ್ಲಿ, ಬಾಗಿಲಿಗೆ ಬಂದವರನ್ನು ಮೊದಲು ‘ಊಟ ಆಯಿತೇ’ ಎಂದು ಕೇಳುತ್ತಿದ್ದೆ. ಈಗ ‘ದಾನಪತ್ರ ತಂದಿದ್ದೀರಾ’ ಎಂದು ಕೇಳುತ್ತೇನೆ. ಕಾನೂನು ನನ್ನ ನಾಲಿಗೆಯನ್ನೇ ತಿದ್ದಿದೆ.

ಕಳೆದ ಮಳೆಗಾಲದಲ್ಲಿ ಅಜ್ಜಿಯೊಬ್ಬರು ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ಪಡಿತರ ಚೀಟಿಯ ಜೊತೆ ಮಡಚಿಟ್ಟಿದ್ದ ಪತ್ರವನ್ನು ತೆಗೆದುಕೊಟ್ಟರು. ಇದ್ದೊಂದು ಮನೆಯನ್ನು ಮಗನಿಗೆ ಬರೆದಿದ್ದರು. ಆರೇ ತಿಂಗಳಲ್ಲಿ ಅವರ ಚಾಪೆ ಜಗಲಿಗೆ ಬಂದಿತ್ತು. ‘ನನ್ನನ್ನು ಚೆನ್ನಾಗಿ ನೋಡಿಕೊಂಡು ಬಂದಿರುವ ಕಾರಣ, ಪ್ರೀತಿ ವಿಶ್ವಾಸದಿಂದ’ ಎಂದಿತ್ತು ಪತ್ರದಲ್ಲಿ. ‘ಮುಂದೆಯೂ ನೋಡಿಕೊಳ್ಳತಕ್ಕದ್ದು’ ಎಂದು ಎಲ್ಲೂ ಇರಲಿಲ್ಲ. ಓದು ಬಾರದ ಅಜ್ಜಿ ಹೆಬ್ಬೆಟ್ಟು ಒತ್ತಿದ್ದರು. ಭೂತಕಾಲ, ಭವಿಷ್ಯತ್ಕಾಲಗಳ ವ್ಯತ್ಯಾಸಕ್ಕೆ ಇಷ್ಟು ಬೆಲೆಯಿದೆ ಎಂದು ನನಗೆ ಯಾವ ವ್ಯಾಕರಣದ ಮೇಷ್ಟರೂ ಹೇಳಿರಲಿಲ್ಲ.

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯ 23ನೇ ಕಲಂ, ಆರೈಕೆಯ ಷರತ್ತಿನ ಮೇಲೆ ಆಸ್ತಿ ಪಡೆದು ಮಾತಿಗೆ ತಪ್ಪಿದರೆ ಪತ್ರ ರದ್ದು ಮಾಡಲು ಅವಕಾಶ ಕೊಡುತ್ತದೆ. ಆ ಷರತ್ತು ಇತ್ತೆಂಬುದನ್ನು ಸಾಬೀತುಪಡಿಸಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಅದರದೇ ಇನ್ನೊಂದು ಪೀಠ, ಈ ಕಾಯ್ದೆಯನ್ನು ಉದಾರವಾಗಿ ಓದಬೇಕೆಂದು ಹೇಳಿ ತಾಯಿಯೊಬ್ಬರ ಪರ ನಿಂತಿತು. ಆದರೆ ಆ ಪ್ರಕರಣದಲ್ಲಿ ತಾಯಿಯನ್ನು ನೋಡಿಕೊಳ್ಳುತ್ತೇನೆಂಬ, ಮಗನದೆನ್ನಲಾದ ವಚನಪತ್ರವೊಂದು ಕಡತದಲ್ಲಿತ್ತು. ನಮ್ಮ ಅಜ್ಜಿಯ ಕವರಿನಲ್ಲಿ ಅಂಥದ್ದೇನೂ ಇರಲಿಲ್ಲ. ಮನೆಯ ಮಾತು ಬದಿಗಿಟ್ಟು ಜೀವನಾಂಶ ಕೇಳಿದೆವು. ಅದಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿ. 2007ರ ಹತ್ತು ಸಾವಿರ!

ತಾಯಿ ಮಗನನ್ನು ಎದುರುಬದುರು ಕೂರಿಸಿ ಮಾತಾಡಿಸುವುದು ನನಗೆ ಗೊತ್ತಿರುವ ವಿದ್ಯೆ. ಆದರೆ ನೋಟಿಸಿನಲ್ಲಿ ‘ಎದುರುದಾರ’ ಎಂದು ಓದಿದ ಮಗ ನನ್ನ ಫೋನನ್ನೇ ಎತ್ತಲಿಲ್ಲ. ಅತ್ತ ಅಜ್ಜಿ, ‘ಅವನನ್ನು ಪೊಲೀಸರು ಹಿಡಿಯುವುದಿಲ್ಲ ತಾನೇ?’ ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದರು.

ಸ್ವಾಮಿ, ಇಂಥ ಅರ್ಜಿಗಳ ವಿಚಾರಣೆಯ ನ್ಯಾಯಮಂಡಳಿ ನಡೆಸುವ ಉಪವಿಭಾಗಾಧಿಕಾರಿಯೂ ಪತ್ರ ನೋಂದಾಯಿಸುವ ಉಪನೋಂದಣಾಧಿಕಾರಿಯೂ ನಿಮ್ಮ ಅಧೀನದವರೇ. ನ್ಯಾಯಮಂಡಳಿಗೆ ಬರುವ ವ್ಯಾಜ್ಯವನ್ನು ನೋಂದಣಿ ಕಚೇರಿಯಲ್ಲೇ ತಡೆಯಬಹುದು. ಅರವತ್ತು ದಾಟಿದವರು ದಾನಪತ್ರಕ್ಕೆ ಬಂದಾಗ ಮಕ್ಕಳನ್ನು ಹತ್ತು ನಿಮಿಷ ಹೊರಗೆ ಕೂರಿಸಿ, ಪತ್ರವನ್ನು ಓದಿ ಹೇಳಿ, ಆರೈಕೆಯ ಷರತ್ತು ಬೇಕೇ ಎಂದು ಕೇಳಲಿ. ಬೇಡವೆಂದರೆ ಅದನ್ನೂ ದಾಖಲಿಸಲಿ. ಪತ್ರ ಬರಹಗಾರರು ವರ್ಷಗಳಿಂದ ನಕಲು ಮಾಡುತ್ತಿರುವ ಒಕ್ಕಣೆಗೆ ಆ ಒಂದು ಸಾಲು ಸೇರಲಿ. ಸುತ್ತೋಲೆಯೊಂದರಿಂದ ಇದನ್ನು ಆರಂಭಿಸಬಹುದು ಎಂದು ನನಗನ್ನಿಸುತ್ತದೆ.

ಅಜ್ಜಿಯ ವಿಚಾರಣೆ ಮತ್ತೆ ಮುಂದಕ್ಕೆ ಹೋಗಿದೆ. ಅಷ್ಟರಲ್ಲಿ ನಿಮ್ಮ ಉತ್ತರ ಬಂದರೆ ಅವರಿಗೆ ನಾನೇ ಓದಿ ಹೇಳುತ್ತೇನೆ.

ಇಂತಿ,
ತಾಲ್ಲೂಕು ಕೇಂದ್ರವೊಂದರ ಸಮಾಜ ಕಾರ್ಯಕರ್ತೆ