ಅನುಮತಿ ಇದ್ದುದೆಲ್ಲ ಆದರ್ಶವೇ?

ಚಿ. ಶ್ರೀನಿಧಿಗೆ ದೊಡ್ಡಪ್ಪನ ಆಶೀರ್ವಾದಗಳು.

ಯೆಹೂದಿ ವಿವಾಹಧರ್ಮದ ಬಗ್ಗೆ ನೀನು ಬರೆದು ಕಳುಹಿಸಿದ ಪ್ರಬಂಧವನ್ನು ಓದಿದೆ. ಶ್ರಮಪಟ್ಟು ಬರೆದಿದ್ದೀಯೆ, ಸಂತೋಷ. ಆದರೆ ಯೆಹೂದಿಗಳ ಮೂಲ ಧರ್ಮಗ್ರಂಥವಾದ, ಐದು ಕಾಂಡಗಳ ತೋರಾ ಬಹುಪತ್ನಿತ್ವವನ್ನು ನಿಷೇಧಿಸದ ಕಾರಣ ಅದನ್ನು ಆದರ್ಶವೆಂದೇ ಭಾವಿಸಿತ್ತು ಎಂಬ ನಿನ್ನ ತೀರ್ಮಾನವನ್ನು ನಾನು ಒಪ್ಪಲಾರೆ.

ನಿಷೇಧವಿರಲಿಲ್ಲ ಎಂಬುದೇನೋ ನಿಜ. ಆದರೆ ಅನುಮತಿ ಯಾವ ಸಂದರ್ಭದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸು. ದಾಸಿಯಾಗಿ ಬಂದು ಹೆಂಡತಿಯಾದವಳಿರುವಾಗ ಗಂಡ ಇನ್ನೊಬ್ಬಳನ್ನು ತಂದರೆ, ಮೊದಲಿನವಳ ಅನ್ನ, ಬಟ್ಟೆ, ದಾಂಪತ್ಯದ ಹಕ್ಕುಗಳಲ್ಲಿ ಏನನ್ನೂ ಕಡಿಮೆ ಮಾಡಕೂಡದೆಂದು ವಿಮೋಚನಕಾಂಡದ 21ನೆಯ ಅಧ್ಯಾಯ ಹೇಳುತ್ತದೆ. ಒಲಿದವಳ ಮಗನ ಮೇಲಿನ ಮಮತೆಯಿಂದ ಒಲ್ಲದವಳ ಚೊಚ್ಚಲ ಮಗನ ಪಾಲನ್ನು ಕಸಿಯಬಾರದೆಂದು ಧರ್ಮೋಪದೇಶಕಾಂಡ ಎಚ್ಚರಿಸುತ್ತದೆ. ಇಬ್ಬರು ಹೆಂಡಿರಿರುವ ಮನೆಯಲ್ಲಿ ಒಬ್ಬಳಿಗೆ ಅನ್ಯಾಯವಾಗುವ ಸಂಭವವನ್ನು ಮೊದಲೇ ಕಂಡವರು ಮಾತ್ರ ಹೀಗೆ ಬರೆಯಬಲ್ಲರು.

ಕಾನೂನಿನ ಪಕ್ಕದಲ್ಲೇ ಕಥೆಗಳನ್ನೂ ಇಟ್ಟುಕೊಂಡು ಓದು. ಸಮುವೇಲನ ಮೊದಲನೆಯ ಗ್ರಂಥದ ಆರಂಭದಲ್ಲಿ ಇಬ್ಬರು ಹೆಂಡಿರಿದ್ದ ಎಲ್ಕಾನನು ವರ್ಷವರ್ಷವೂ ಸಂಸಾರಸಮೇತ ದೇವರ ಆಲಯವಿದ್ದ ಶೀಲೋವಿಗೆ ಹೋಗಿ ಯಜ್ಞದ ಪಾಲನ್ನು ಹಂಚುವಾಗ, ಮಕ್ಕಳೊಂದಿಗೆ ಕುಳಿತ ಪೆನಿನ್ನಳು ಬಂಜೆಯಾದ ಹನ್ನಳನ್ನು ಕೆಣಕುತ್ತಾಳೆ. ಹನ್ನಳು ಅಳುತ್ತ ಊಟ ಬಿಡುತ್ತಾಳೆ. ತಾನು ಹತ್ತು ಮಕ್ಕಳಿಗಿಂತ ಹೆಚ್ಚಲ್ಲವೇ ಎಂದು ಗಂಡ ಕೇಳುತ್ತಾನೆ. ಎಲ್ಕಾನನು ಕೆಟ್ಟವನಲ್ಲ, ಹನ್ನಳನ್ನು ಮನಸಾರೆ ಪ್ರೀತಿಸುವವನು. ಆದರೂ ಆ ಸವತಿಯರ ಸಂಕಟವನ್ನು ನೀಗಿಸಲು ಅವನಿಂದ ಆಗುವುದಿಲ್ಲ. ಈ ಭಾಗವನ್ನು ಓದಿದಾಗಲೆಲ್ಲ ನನಗೆ ಕರುಳು ಚುರುಕ್ಕೆನ್ನುತ್ತದೆ.

ರಬ್ಬಿಗಳ, ಎಂದರೆ ಯೆಹೂದಿ ಧರ್ಮಗುರುಗಳ, ಚರ್ಚೆಗಳ ಸಂಗ್ರಹವಾದ ತಾಲ್ಮುದಿನಲ್ಲಿಯೂ ಒಮ್ಮತವಿಲ್ಲ. ಸಾಕುವ ಶಕ್ತಿಯಿದ್ದರೆ ಎಷ್ಟು ಜನರನ್ನಾದರೂ ಮದುವೆಯಾಗಬಹುದೆಂದು ರಾವಾ ಎಂಬ ಗುರು ಹೇಳಿದರೆ, ಎರಡನೆಯವಳನ್ನು ತಂದವನು ಮೊದಲಿನವಳಿಗೆ ಕೆತುಬಾದ, ಎಂದರೆ ಮದುವೆಯ ಕರಾರಿನಂತೆ ಹೆಂಡತಿಗೆ ಸಲ್ಲಬೇಕಾದ, ಹಣ ಕೊಟ್ಟು ಬಿಡುಗಡೆ ನೀಡಬೇಕೆಂದು ರಬ್ಬಿ ಅಮ್ಮಿ ವಾದಿಸುತ್ತಾರೆ. ನೀನು ರಾವಾರ ಮಾತನ್ನು ಮಾತ್ರ ಉಲ್ಲೇಖಿಸಿದ್ದೀಯೆ, ಇದು ಸಣ್ಣ ಲೋಪವಲ್ಲ.

ಅನುಮತಿ ಇದ್ದುದೆಲ್ಲ ಆದರ್ಶವೇ ಎಂಬ ಪ್ರಶ್ನೆಗೆ ನೇರ ಉತ್ತರ ಸಿಗುವುದು 13ನೆಯ ಶತಮಾನದ ತೋರಾ ವ್ಯಾಖ್ಯಾನಕಾರ ನಹ್ಮಾನಿದೆಸರಲ್ಲಿ. "ನೀವು ಪರಿಶುದ್ಧರಾಗಿರಬೇಕು" ಎಂಬ ಯಾಜಕಕಾಂಡದ ಆಜ್ಞೆಗೆ ವ್ಯಾಖ್ಯಾನ ಬರೆಯುತ್ತ, ನಿಷಿದ್ಧವಾದುದನ್ನು ಒಂದನ್ನೂ ಮಾಡದೆ, ತೋರಾದ ಅನುಮತಿಯೊಳಗೇ ಇದ್ದುಕೊಂಡು ಮನುಷ್ಯ ನೀಚನಾಗಬಹುದೆಂದು ಅವರು ಹೇಳುತ್ತಾರೆ. ಅದಕ್ಕೆ ಕೊಡುವ ಉದಾಹರಣೆಗಳಲ್ಲಿ ತನ್ನ ಅನೇಕ ಹೆಂಡಿರೊಡನೆ ಕಾಮದಲ್ಲಿ ಮುಳುಗಿದವನೂ ಒಬ್ಬ. ಜರ್ಮನಿಯ ಮೈಂಟ್ಸ್ ನಗರದ ರಬ್ಬಿ ಗೆರ್ಶೋಮರ ಹೆಸರಿನಲ್ಲಿ, ಸುಮಾರು 1000ನೆಯ ಇಸವಿಯದೆಂದು ಹೇಳಲಾಗುವ ಕಟ್ಟಳೆ, ಮೀರಿದವರಿಗೆ ಬಹಿಷ್ಕಾರ ವಿಧಿಸಿ, ಅಶ್ಕೆನಾಜಿ ಯೆಹೂದಿಗಳಲ್ಲಿ, ಎಂದರೆ ಜರ್ಮನಿ ಮತ್ತು ಸುತ್ತಲಿನ ಯೂರೋಪಿನ ಯೆಹೂದಿಗಳಲ್ಲಿ, ಏಕಪತ್ನಿತ್ವವನ್ನೇ ನಿಯಮವಾಗಿಸಿತು.

ಹಾಗೆಂದು ಬಹುಪತ್ನಿತ್ವ ಪಾಪವೆನಿಸಿತ್ತೆಂದು ಬರೆದುಬಿಡಬೇಡ. ಯೆಮೆನಿನ ಯೆಹೂದಿಗಳಿಗೆ ಆ ಕಟ್ಟಳೆ ಅನ್ವಯವಾಗಲಿಲ್ಲ. 1949–50ರಲ್ಲಿ ಇಸ್ರೇಲಿಗೆ ಬಂದ ಅವರಲ್ಲಿ ಇಬ್ಬರು ಹೆಂಡಿರುಳ್ಳ ಕುಟುಂಬಗಳಿದ್ದವು, ಅವು ಅವರ ಧರ್ಮದಂತೆ ಸಕ್ರಮವೇ ಆಗಿದ್ದವು. ಆ ಹೆಂಗಸರ ಬಾಳನ್ನು ಹಗುರವಾಗಿ ಕಾಣುವ ಒಂದು ಪದವೂ ನಿನ್ನ ಬರಹದಲ್ಲಿ ಇರಕೂಡದು.

ಪ್ರಬಂಧದ ಕೊನೆಯ ಭಾಗವನ್ನು ಮತ್ತೆ ಬರೆ. ರಬ್ಬಿ ಅಮ್ಮಿಯವರ ವಾದವನ್ನು ಅಡಿಟಿಪ್ಪಣಿಗೆ ತಳ್ಳದೆ ರಾವಾರ ವಾದಕ್ಕೆ ಎದುರಾಗಿಯೇ ಇಡು, ನಹ್ಮಾನಿದೆಸರ ವ್ಯಾಖ್ಯಾನವನ್ನು ಪೂರ್ತಿಯಾಗಿ ಓದಿಕೋ, ಆಮೇಲೆ ನಿನ್ನ ಅಧ್ಯಾಪಕರಿಗೆ ಒಪ್ಪಿಸು.

ಇಂತು ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಪ್ಪ